ಎದುರಾಳಿಯ ಕೈನೀರು

ನಡುಬಾವಿ ಎಂಬ ಊರಿನ ಹೊರಗೆ ಒಂದು ದೊಡ್ಡ ಬಯಲು. ನಾಲ್ಕುನೂರು ವರ್ಷಗಳ ಹಿಂದೆ ಅಲ್ಲಿ ಇಬ್ಬರು ಪಾಳೆಯಗಾರರ ನಡುವೆ ಕಾಳಗ ನಡೆದಿತ್ತು. ಒಬ್ಬ ಮೂಡಲ ಸೀಮೆಯವನು, ಇನ್ನೊಬ್ಬ ಪಡುವಲ ಸೀಮೆಯವನು. ಬಯಲಿನ ಮೂಡಣ ತುದಿಯಲ್ಲಿ ಎತ್ತರದ ಕಟ್ಟೆಯ ಮೇಲೆ ಒಂದು ಕಲ್ಲು ನಿಂತಿದೆ. ಮೂಡಲದವರು ಗೆದ್ದರು ಎಂದು ಅದರ ಮೇಲೆ ಕೆತ್ತಿದೆ. ಪಡುವಣ ತುದಿಯಲ್ಲೂ ಅಂಥದೇ ಕಟ್ಟೆ, ಅಂಥದೇ ಕಲ್ಲು. ಪಡುವಲದವರು ಗೆದ್ದರು ಎಂದು ಅದರ ಮೇಲೆ ಕೆತ್ತಿದೆ. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ನಾಲ್ಕು ದೇಶ ಸುತ್ತಿದವರನ್ನು ಕೇಳಿ ನೋಡಿ, ಸೋತೆವೆಂದು ಕಲ್ಲು ಕೆತ್ತಿಸಿದ ದೊರೆ ಯಾವ ಊರಿನಲ್ಲೂ ಸಿಕ್ಕುವುದಿಲ್ಲ.

ಎರಡು ಕಲ್ಲುಗಳ ನಡುವೆ ಇನ್ನೂರು ಹೆಜ್ಜೆ. ಸರಿಯಾಗಿ ನಡುಮಧ್ಯೆ ಒಂದು ಸೇದುವ ಬಾವಿ.

ಒಂದು ದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಈ ಬಯಲಿಗೆ ಒಂದು ಟೆಂಪೊ ಬಂದು ನಿಂತಿತು. ಅದರೊಳಗೆ ಹನ್ನೆರಡು ಜನ, ಎರಡು ಮನೆಯವರು. ಶಾಂಭವಿ ಎಂಬ ಹುಡುಗಿಗೂ ಗುರುಸಿದ್ಧ ಎಂಬ ಹುಡುಗನಿಗೂ ಮದುವೆ ಗೊತ್ತಾಗಿತ್ತು. ಲಗ್ನಕ್ಕೆ ಇನ್ನು ಇಪ್ಪತ್ತೇ ದಿನ. ಎರಡೂ ಕಡೆಯವರು ಹಿಂದಿನ ದಿನ ಒಟ್ಟಿಗೆ ಪಟ್ಟಣಕ್ಕೆ ಹೋಗಿ, ಮದುವೆಯ ಜವಳಿ ತೆಗೆದುಕೊಂಡು, ರಾತ್ರಿ ಅಲ್ಲೇ ತಂಗಿ, ಊರಿಗೆ ಮರಳುತ್ತಿದ್ದರು. ಸೀರೆ ಅಂಗಡಿಯಲ್ಲಿ ಆರು ತಾಸು ಕೂತರೂ ಯಾರೊಬ್ಬರೂ ಮುನಿಸಿಕೊಂಡಿರಲಿಲ್ಲ. ಆ ಖುಷಿಯಲ್ಲಿ ಹುಡುಗಿಯ ಅಪ್ಪ ಅಂದಾನೆಪ್ಪ ಮಾಸ್ತರರು, "ದಾರ್ಯಾಗ ಕಾಳಗದ ಬಯಲು ಐತಿ, ನೋಡ್ಕೊಂಡು ಹೋಗೂಣು" ಎಂದರು. ಎಲ್ಲರೂ ಹೂಂ ಎಂದರು.

ಅಂದಾನೆಪ್ಪನವರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ನಿವೃತ್ತಿಯಾಗಿ ಐದು ವರ್ಷವಾದರೂ ಅವರ ಬೆನ್ನು ಇನ್ನೂ ಧ್ವಜದ ಕಂಬದಂತೆ ನೆಟ್ಟಗಿತ್ತು. ಹುಡುಗನ ತಾಯಿ ನೀಲಗಂಗವ್ವ ಬಸ್‌ಸ್ಟ್ಯಾಂಡಿನ ಎದುರು ಖಾನಾವಳಿ ನಡೆಸುವವರು. ಗಂಡ ತೀರಿಕೊಂಡ ಮೇಲೆ ಇಪ್ಪತ್ತೈದು ವರ್ಷ ಒಲೆಯ ಮುಂದೆ ನಿಂತು, ರೊಟ್ಟಿ ಬಡಿದು, ಮಗನನ್ನು ದೊಡ್ಡವನನ್ನಾಗಿ ಮಾಡಿದ್ದರು. ಕುಡಿದು ಬಂದ ಗಿರಾಕಿಗಳು ಆಕೆ ತಿರುಗಿ ನೋಡಿದರೆ ಸಾಕು, ತಾವಾಗಿಯೇ ಎದ್ದು ಹೊರಗೆ ಹೋಗುತ್ತಿದ್ದರು.

ಇಬ್ಬರೂ ಒಳ್ಳೆಯವರೇ. ಆದರೆ 'ನನ್ನದು ತಪ್ಪಾಯಿತು' ಎಂಬ ಮಾತು ಇಬ್ಬರ ಬಾಯಿಂದಲೂ ಹೊರಟಿದ್ದನ್ನು ಕೇಳಿದವರಿರಲಿಲ್ಲ.

ಬಾವಿಯ ಕಟ್ಟೆಯ ಮೇಲೆ ಫಕೀರವ್ವ ಎಂಬ ಮುದುಕಿ ಕೂತಿದ್ದಳು. ಬಂದವರಿಗೆ ಬಯಲು ತೋರಿಸುವುದು ಆಕೆಯ ಮನೆತನದ ಕೆಲಸ. ಆಕೆ ಎದ್ದು ಬಂದು, "ಯಾವ ಕಡಿಯಿಂದ ನೋಡ್ತೀರಿ?" ಎಂದು ಕೇಳುವಷ್ಟರಲ್ಲಿ ಅಂದಾನೆಪ್ಪನವರು ಮೂಡಣ ಕಲ್ಲಿನ ಹತ್ತಿರ ನಡೆದೇಬಿಟ್ಟಿದ್ದರು. ಉಳಿದವರು ಹಿಂದೆ ಹೋದರು.

"ಶಾಂಭವಿ, ಬಾಯಿಲ್ಲೆ. ನಮ್ಮ ಮನಿತನದ ಮೂಲಪುರುಷ ಇದೇ ಕಲ್ಲಿನ ಕಡಿಯಿಂದ ಕುದುರಿ ಏರಿ ಹೋದವ. ಅವನ್ನ ಕಂಡದ್ದೇ ತಡ, ಪಡುವಲದವರು ಕಾಲಿಗೆ ಬುದ್ಧಿ ಹೇಳಿದ್ರಂತ!"

ನೀಲಗಂಗವ್ವ ಸೆರಗು ಸರಿಮಾಡಿಕೊಂಡರು. "ಮಾಸ್ತರ, ಏನಂದ್ರಿ? ನಮ್ಮದು ಪಡುವಲ ಸೀಮಿ. ನಮ್ಮ ಹಿರ್ಯಾರು ಆನಿ ಮ್ಯಾಲೆ ಬಂದವರು."

"ಆನಿ ಬಂದದ್ದು ಖರೆ ಬೀಗರ. ಅದು ತಿರುಗಿ ಓಡಿದ್ದೂ ಖರೆ."

ಎಲ್ಲರೂ ನಕ್ಕರು. ನೀಲಗಂಗವ್ವನೂ ನಕ್ಕರು. ನಗುತ್ತಲೇ ಹೇಳಿದರು: "ಓಡೂ ಆನಿ ಬೆನ್ನು ನಿಮ್ಮ ಮುತ್ತ್ಯಾಗ ಹೆಂಗ ಕಂಡೀತು? ಅವರು ಕುದುರಿ ಹೊಟ್ಟಿ ಕೆಳಗ ಅಡಗಿ ಕೂತಿದ್ರಂತಲ್ಲ?"

ಈ ಸಲ ನಕ್ಕವರು ಗಂಡಿನ ಕಡೆಯವರು ಮಾತ್ರ.

ಹಾಸ್ಯ ಎಲ್ಲಿ ಮುಗಿಯಿತು, ಜಗಳ ಎಲ್ಲಿ ಹತ್ತಿಕೊಂಡಿತು ಎಂದು ಆಮೇಲೆ ಯಾರಿಗೂ ಹೇಳಲಾಗಲಿಲ್ಲ. ಅಂದಾನೆಪ್ಪನವರು ಕಲ್ಲಿನ ಮೇಲಿನ ಅಕ್ಷರ ತೋರಿಸಿದರು. ನೀಲಗಂಗವ್ವ ಅತ್ತ ಕಡೆಯ ಕಲ್ಲಿನ ಕಡೆ ಕೈ ಮಾಡಿದರು. ಒಂದು ಹುಳಿ ಮಾತಿಗೆ ಎರಡು ಖಾರದ ಮಾತು ಬಂದವು. ಕಡೆಗೆ ನೀಲಗಂಗವ್ವ, "ಸೋತವರ ಮನಿ ಹೆಣ್ಣು ತರಾಕ ನನಗೇನು ಹುಚ್ಚು ಹಿಡದೈತೇನು?" ಎಂದುಬಿಟ್ಟರು.

ಅಂದಾನೆಪ್ಪನವರ ಮುಖ ಕೆಂಪಾಯಿತು. "ಓಡಿ ಹೋದವರ ಮನಿಗೆ ಮಗಳನ್ನ ಕೊಡಾಕ ನನಗೂ ಹುಚ್ಚು ಹಿಡದಿಲ್ರಿ. ಸೋತೀವಿ ಅಂತ ನಿಮ್ಮ ಬಾಯಿಂದ ಬರ್ಲಿ. ಇಲ್ಲಂದ್ರ ಈ ಲಗ್ನ ಇಲ್ಲ."

"ನಿಮ್ಮ ಬಾಯಿಂದ ಬರ್ಲಿ. ಇಲ್ಲಂದ್ರ ನಮಗೂ ಬ್ಯಾಡ."

ಅಂದಾನೆಪ್ಪನವರು ಟೆಂಪೊದ ಕಡೆ ತಿರುಗಿ, "ಏ ಡ್ರೈವರ್, ನಮ್ಮ ಸೀರಿ ಗಂಟು ಇಳಸು!" ಎಂದು ಕೂಗಿದರು. ಡ್ರೈವರ್ ಒಳಗೆ ಹೋಗಿ ನೋಡಿ ಹೊರಗೆ ತಲೆ ಹಾಕಿದ. "ಸಾಹೇಬ್ರ, ಯಾವುದು ನಿಮ್ಮದು ಯಾವುದು ಅವರದು ಗೊತ್ತಾಗವಲ್ದು. ಎಲ್ಲಾ ಒಂದ ಅಂಗಡಿ ಚೀಲ ಅದಾವ್ರಿ."

ನಾಲ್ಕುನೂರು ವರ್ಷ ಮಣ್ಣಲ್ಲಿ ಮಲಗಿದ್ದ ಕಾಳಗ ಹೀಗೆ ಮತ್ತೆ ಎದ್ದು ಕೂತಿತು. ನೆಂಟರು ಇಬ್ಬರನ್ನೂ ಸಮಾಧಾನ ಮಾಡಲು ಓಡಾಡಿದರು. ಗುರುಸಿದ್ಧ ತಾಯಿಯ ಕಿವಿಯಲ್ಲಿ ಏನೋ ಹೇಳಿದ, ಬೈಸಿಕೊಂಡು ಬಂದ.

ಶಾಂಭವಿ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಆಕೆ ಭೂಮಾಪನ ಇಲಾಖೆಯಲ್ಲಿ ಹೊಲ ಅಳೆಯುವ ಕೆಲಸದಲ್ಲಿದ್ದವಳು. ಸರಪಳಿ ಹಿಡಿದು ಬದುವಿನಿಂದ ಬದುವಿಗೆ ನಡೆದವಳು. ಅಣ್ಣ ತಮ್ಮಂದಿರ ಜಗಳಗಳನ್ನು ದಿನಾ ಕಂಡವಳು. ಅರ್ಧಕ್ಕೆ ಮುಚ್ಚಿಟ್ಟ ಬದುವಿನ ಜಗಳ ಮಕ್ಕಳ ಕಾಲಕ್ಕೆ ಕೊಡಲಿಯಾಗಿ ಹೊರಬರುತ್ತದೆ ಎಂಬುದನ್ನು ಆಕೆಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಆಕೆ ಗುರುಸಿದ್ಧನ ಹತ್ತಿರ ಹೋಗಿ ಕೇಳಿದಳು: "ನಿಮಗ ಈ ಲಗ್ನ ಬೇಕೋ ಬ್ಯಾಡೋ?"

"ಬೇಕು. ಅದಕ್ಕ ಹೇಳ್ತೀನಿ ಕೇಳು. ಇಬ್ಬರೂ ಗೆದ್ದೀರಿ ಅಂತ ಹೇಳಿ ಟೆಂಪೊ ಹತ್ತಸೂಣು. ಊರು ಬರೂದ್ರಾಗ ಮರೀತಾರ."

"ಇಬ್ಬರೂ ಗೆದ್ದೀರಿ ಅಂತ ಆ ಎರಡು ಕಲ್ಲು ನಾಕುನೂರು ವರ್ಷದಿಂದ ಹೇಳಾಕತ್ತಾವ. ಅದರಿಂದಾನ ಇಲ್ಲಿಗೆ ಬಂದೈತಿ. ಇದು ಇಲ್ಲೇ ಮುಗೀಬೇಕು, ಇವತ್ತ ಮುಗೀಬೇಕು."

ಶಾಂಭವಿ ಫಕೀರವ್ವನ ಹತ್ತಿರ ಹೋದಳು. "ಅಜ್ಜಿ, ನಿಮ್ಮೂರಾಗ ಇಂಥಾ ಜಗಳ ಬಂದ್ರ ಏನು ಮಾಡ್ತೀರಿ?"

"ಕಲ್ಲಿಗೆ ನಿಲ್ಲಸ್ತೀವಿ" ಎಂದಳು ಫಕೀರವ್ವ, ಅಡಿಕೆಲೆ ಅಗಿಯುತ್ತಾ. "ಒಬ್ಬರು ಮೂಡಲ ಕಲ್ಲಿಗೆ, ಒಬ್ಬರು ಪಡುವಲ ಕಲ್ಲಿಗೆ. ಕಾಲಾಗ ಚಪ್ಪಲಿ ಇರಂಗಿಲ್ಲ. ತಲಿಮ್ಯಾಲೆ ನೆರಳು ಇರಂಗಿಲ್ಲ. ಕಟ್ಟಿ ಬಿಟ್ಟು ಇಳದವರು ಸೋತಂಗ. ನೀರು ಕೇಳಿದವರೂ ಸೋತಂಗ."

"ನಡೀರಿ ಹಂಗಾದ್ರ!" ಎಂದರು ಅಂದಾನೆಪ್ಪನವರು.

"ತಡೀರಿ ಸಾಹೇಬ್ರ, ಮುಗದಿಲ್ಲ. ನೀರು ಅಂದ್ರ ಈ ಬಾವಿ ನೀರ. ನಿಮ್ಮಿಬ್ಬರನ್ನ ಬಿಟ್ಟು ಮೂರನೇದವರು ಹಗ್ಗ ಮುಟ್ಟಂಗಿಲ್ಲ. ತಾವು ಸೇದಿದ್ದು ತಾವು ಕುಡಿಯಂಗಿಲ್ಲ. ನಿಮಗ ಅವರು ಸೇದಿ ಕೊಡಬೇಕು, ಅವರಿಗೆ ನೀವು ಸೇದಿ ಕೊಡಬೇಕು. ಇದು ನಮ್ಮ ಊರಿನ ಕಟ್ಟು. ತಿಳೀತ?"

"ತಿಳೀತು, ತಿಳೀತು" ಎಂದರು ಇಬ್ಬರೂ ಒಂದೇ ಉಸಿರಿಗೆ. ಗೆಲ್ಲುವ ಆತುರದಲ್ಲಿ ಇರುವವರು ನಿಯಮದ ಮೊದಲ ಸಾಲು ಮಾತ್ರ ಕೇಳಿಸಿಕೊಳ್ಳುತ್ತಾರೆ.

ಅಂದಾನೆಪ್ಪನವರು ಮನಸ್ಸಿನಲ್ಲೇ ನಕ್ಕರು. ಮೂವತ್ತು ವರ್ಷ ಬಿಸಿಲಿನಲ್ಲಿ ನಿಂತು ಸೀಟಿ ಊದಿದವನಿಗೆ ಇದೊಂದು ಪಂದ್ಯವೇ? ನೀಲಗಂಗವ್ವ ಕೂಡ ಮನಸ್ಸಿನಲ್ಲೇ ನಕ್ಕರು. ಇಪ್ಪತ್ತೈದು ವರ್ಷ ಉರಿಯುವ ಒಲೆಯ ಮುಂದೆ ನಿಂತವಳಿಗೆ ಸೂರ್ಯ ಏನು ಹೊಸಬನೇ?

ಒಬ್ಬರು ಮೂಡಣ ಕಟ್ಟೆ ಹತ್ತಿದರು. ಇನ್ನೊಬ್ಬರು ಇನ್ನೂರು ಹೆಜ್ಜೆ ನಡೆದು ಪಡುವಣ ಕಟ್ಟೆ ಹತ್ತಿದರು. ಆಗ ಹನ್ನೊಂದು ಗಂಟೆ.

ಮೊದಲ ಒಂದು ತಾಸು ಬಯಲಿನ ಉದ್ದಕ್ಕೂ ಮಾತುಗಳೇ ಹಾರಾಡಿದವು.

"ಏನ್ರೀ ಮಾಸ್ತರ, ಕಾಲು ಸುಡತಾವೇನು? ಸಾವಧಾನ್ ನಿಲ್ರಿ, ವಿಶ್ರಾಮ್ ಬ್ಯಾಡ!"

"ನನ್ನ ಚಿಂತಿ ಬಿಡ್ರಿ ಬೀಗರ! ಖಾನಾವಳಿ ಮುಚ್ಚಿ ಬಂದೀರಿ, ರೊಟ್ಟಿ ಹಳಸ್ಯಾವು, ಹೋಗ್ರಿ!"

"ನಮ್ಮ ರೊಟ್ಟಿ ತಿಂಗಳಿಟ್ರೂ ಹಳಸಂಗಿಲ್ಲ! ನಮ್ಮಂಗ ಗಟ್ಟಿ ಅದಾವ!"

ನೆಂಟರು ಬಯಲಂಚಿನ ಬೇವಿನ ಮರದ ಕೆಳಗೆ ಸೇರಿದರು. ಅಲ್ಲೂ ಎರಡು ಗುಂಪು. ಹೆಣ್ಣಿನ ಕಡೆಯವರು ಒಂದು ಬೇರಿಗೆ ಬೆನ್ನು ಕೊಟ್ಟು ಕೂತರೆ, ಗಂಡಿನ ಕಡೆಯವರು ಇನ್ನೊಂದು ಬೇರಿಗೆ ಬೆನ್ನು ಕೊಟ್ಟು ಕೂತರು. ಮಧ್ಯಾಹ್ನವಾಯಿತು. ಹೊಟ್ಟೆ ಚುರುಗುಟ್ಟಿತು. ಬುತ್ತಿ ಬಿಚ್ಚಿದರು. ಗಂಡಿನ ಕಡೆಯವರ ಬುಟ್ಟಿಯಲ್ಲಿ ರೊಟ್ಟಿ ಇತ್ತು, ಪಲ್ಯ ಇರಲಿಲ್ಲ. ಹೆಣ್ಣಿನ ಕಡೆಯವರ ಡಬ್ಬಿಯಲ್ಲಿ ಬದನೆಕಾಯಿ ಎಣ್ಣೆಗಾಯಿ ಇತ್ತು, ರೊಟ್ಟಿ ಇರಲಿಲ್ಲ. ಬೆಳಿಗ್ಗೆ ಹೊರಡುವಾಗ ಹಾಗೆಂದೇ ಹಂಚಿಕೊಂಡು ಕಟ್ಟಿಸಿದ್ದ ಬುತ್ತಿ ಅದು. ಕಾಲು ತಾಸು ಎಲ್ಲರೂ ಆಕಾಶ ನೋಡಿದರು. ಆಮೇಲೆ ಹುಡುಗಿಯ ಚಿಕ್ಕಮ್ಮ ಡಬ್ಬಿಯನ್ನು ಒಂದು ಗೇಣು ಆಚೆ ತಳ್ಳಿದಳು. ಹುಡುಗನ ಸೋದರಮಾವ ಬುಟ್ಟಿಯನ್ನು ಒಂದು ಗೇಣು ಈಚೆ ತಳ್ಳಿದ. ಒಂದು ಗಳಿಗೆಯಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರು.

ಸೈನ್ಯಗಳು ಹೀಗೆ ರಾಜಿಯಾದವು. ದೊರೆಗಳು ಮಾತ್ರ ಬಿಸಿಲಿನಲ್ಲಿ ನಿಂತೇ ಇದ್ದರು.

ಶಾಂಭವಿ ಊಟಕ್ಕೆ ಹೋಗಲಿಲ್ಲ. ಬಾವಿಯ ಹತ್ತಿರ ಬಿಸಿಲಿನಲ್ಲೇ ಕೂತಿದ್ದಳು. ಗುರುಸಿದ್ಧನೂ ಪಕ್ಕದಲ್ಲಿ ಕೂತ. ಒಂದೂವರೆಯಾಗಿತ್ತು. ಈಗ ಬಯಲಿನಲ್ಲಿ ಮಾತಿರಲಿಲ್ಲ. ಬಾಯಿ ಒಣಗಿದವರು ಬೈಯುವುದಾದರೂ ಹೇಗೆ?

"ಅವ್ವಗ ಬಿಪಿ ಐತಿ" ಎಂದ ಗುರುಸಿದ್ಧ. "ನನ್ನ ಕೈಲಿ ನೋಡಾಕ ಆಗವಲ್ದು." ಎದ್ದು ಹಗ್ಗಕ್ಕೆ ಕೈ ಹಾಕಲು ಹೋದ.

ಫಕೀರವ್ವ ಕೋಲು ಅಡ್ಡ ಹಿಡಿದಳು. "ನಿನ್ನ ಕೈನೀರು ನಡಿಯಂಗಿಲ್ಲ ತಮ್ಮಾ."

"ಅಕಿ ಬಿದ್ದ್ರ?"

"ಬಿದ್ದ್ರ ಆಟ ಮುಗೀತು, ನೀನ ಎತ್ತಿಕೊಂಡು ಹೋಗು. ಬೀಳೂ ತನಕ ಅವರ ಮಾತು ಅವರ ಕೈಯಾಗ."

ಗುರುಸಿದ್ಧ ಶಾಂಭವಿಯ ಕಡೆ ತಿರುಗಿದ. "ನೀನರ ಹೇಳು. ನಿಮ್ಮಪ್ಪ ಇಳೀಲಿ ಅಂತ ಕೂಗು. ನಿನ್ನ ಮಾತು ಕೇಳ್ತಾರ."

ಶಾಂಭವಿಯ ಕಣ್ಣಲ್ಲಿ ನೀರಿತ್ತು. ಆದರೂ ಆಕೆ ಅಲುಗಲಿಲ್ಲ. "ನಾ ಕೂಗಿದ್ರ ಅವರು ಇಳೀತಾರ. ಆದ್ರ ಮಗಳ ಸಲುವಾಗಿ ಇಳದೆ ಅಂತಾರ. ನಿಮ್ಮವ್ವಗ ನೀವು ಕೈ ಮುಗದ್ರ ಅವರೂ ಇಳೀತಾರ. ಮಗನ ಸಲುವಾಗಿ ಇಳದೆ ಅಂತಾರ. ಆಮ್ಯಾಲೆ ಪ್ರತಿ ಹಬ್ಬಕ್ಕ, ಪ್ರತಿ ತೊಟ್ಟಿಲಿಗೆ, ನಾವಿಬ್ಬರು ನಡುವ ನಿಂತು ಅವರನ್ನ ಇಳಸ್ಕೋತ ಇರಬೇಕು. ಬ್ಯಾಡ. ತಾವಾಗಿ ಇಳೀಲಿ."

ಗುರುಸಿದ್ಧ ಹಗ್ಗದಿಂದ ಹಿಂದೆ ಸರಿದು ನಿಂತ. ಫಕೀರವ್ವನನ್ನು ಕೇಳಿದ: "ಅಜ್ಜಿ, ಖರೆ ಹೇಳ್ರಿ. ಈ ಕಾಳಗದಾಗ ಗೆದ್ದವರು ಯಾರು?"

"ಕತ್ತಿಗೆ ಸತ್ತವರು ಕಡಿಮಿ ತಮ್ಮಾ. ನೀರಡಿಕಿಗೆ ಸತ್ತವರ ಭಾಳ. ಬ್ಯಾಸಿಗಿ ಅದು. ಹತ್ತು ಹರದಾರಿಗೆ ಇದೊಂದ ಬಾವಿ. ದಂಡು ಆಕಡಿ ಒಂದು ಇಳೀತು, ಈಕಡಿ ಒಂದು ಇಳೀತು. ಬಾವಿ ತುಂಬ ನೀರಿತ್ತು. ಯಾರೂ ಕುಡೀಲಿಲ್ಲ."

"ಯಾಕ?"

"ನೀರು ಸೇದೂದು ಹೆಂಗ ಅಂತ ಮಾಡಿ ತೋರಸು. ಹಗ್ಗ ಮುಟ್ಟಬ್ಯಾಡ, ಸುಮ್ಮನ ಕೈ ಆಡಸು."

ಗುರುಸಿದ್ಧ ಬಾವಿಯ ಮೇಲೆ ಬಾಗಿದ. ಎರಡೂ ಕೈಯಿಂದ ಇಲ್ಲದ ಹಗ್ಗ ಎಳೆದ.

"ಹಾಂ. ಈಗ ಹೇಳು. ನಿನ್ನ ಕತ್ತಿ ಎಲ್ಲೈತಿ? ನಿನ್ನ ಕುತ್ತಿಗಿ ಎಲ್ಲೈತಿ?"

ಗುರುಸಿದ್ಧ ತಟ್ಟನೆ ನೆಟ್ಟಗೆ ನಿಂತ.

"ಅಷ್ಟ ನೋಡು" ಎಂದಳು ಫಕೀರವ್ವ. "ಸೇದಬೇಕಂದ್ರ ಎರಡೂ ಕೈ ಬೇಕು. ತಲಿ ಬಾಗಬೇಕು. ಒಬ್ಬ ಬಾಗಿದ್ರ ಇನ್ನೊಂದು ಕಡಿಯವರು ಕಡೀತಿದ್ರು. ಅದಕ್ಕ ಯಾರೂ ಬಾಗಲಿಲ್ಲ. ಮೂರು ದಿನ ಹಿಂಗ ಬಾವಿ ಕಾಯ್ಕೋತ ನಿಂತ್ರು. ಬಾವಿ ತುಂಬ ನೀರು, ಬಯಲು ತುಂಬ ಹೆಣ."

"ಆಮ್ಯಾಲೆ?"

ಫಕೀರವ್ವ ಕೋಲು ಎತ್ತಿ ತಡೆದಳು. ಆಕೆ ಪಡುವಣ ಕಟ್ಟೆಯ ಕಡೆ ನೋಡುತ್ತಿದ್ದಳು.

ನೀಲಗಂಗವ್ವ ಒಂದು ಪಕ್ಕಕ್ಕೆ ತೂಗಿದರು. ಕಲ್ಲು ಹಿಡಿದುಕೊಂಡರು. ಕಲ್ಲು ಕಾದ ಹಂಚಾಗಿತ್ತು, ಕೈ ಹಿಂದಕ್ಕೆ ಎಳೆದುಕೊಂಡರು. ಸೆರಗನ್ನು ಅಂಗೈಗೆ ಸುತ್ತಿಕೊಂಡು ಮತ್ತೆ ಹಿಡಿದರು. ಬಾಯಿ ಮಾತ್ರ ತೆರೆಯಲಿಲ್ಲ.

ಇತ್ತ ಮೂಡಣ ಕಟ್ಟೆಯ ಮೇಲಿಂದ ಅಂದಾನೆಪ್ಪನವರು ಅದನ್ನು ನೋಡಿದರು. ಮೊದಲು ಅವರಿಗೆ ಹಿಗ್ಗಾಯಿತು. ಇನ್ನೇನು, ಕೇಳುತ್ತಾರೆ. ಈಗ ಕೇಳುತ್ತಾರೆ. "ನೀರು ಕೇಳ್ರಿ ಬೀಗರ!" ಎಂದು ಕೂಗಿದರು. ಕೂಗು ಗಂಟಲಿನಲ್ಲೇ ಅರ್ಧ ಉಳಿಯಿತು.

"ನೀವ... ಕೇಳ್ರಿ!" ಎಂದು ಅತ್ತಲಿಂದ ಉತ್ತರ ಬಂತು. ಅದು ಮಾತೋ ಉಸಿರೋ ಗೊತ್ತಾಗುವಂತಿರಲಿಲ್ಲ.

ಅಂದಾನೆಪ್ಪನವರು ಯೋಚಿಸಿದರು. ನಾನು ಆ ಸ್ಥಿತಿಯಲ್ಲಿದ್ದರೆ ಕೇಳುತ್ತಿದ್ದೆನೇ? ಇಲ್ಲ. ಬೀಳುತ್ತಿದ್ದೆ, ಕೇಳುತ್ತಿರಲಿಲ್ಲ. ಹಾಗಾದರೆ ಆಕೆ ಯಾಕೆ ಕೇಳಿಯಾರು? ಆಕೆ ನನ್ನಂಥವರೇ. ಇನ್ನು ಕಾಲು ತಾಸಿನಲ್ಲಿ ಆಕೆ ಬೀಳುತ್ತಾರೆ, ನಾನು ಗೆಲ್ಲುತ್ತೇನೆ. ಗೆದ್ದು ಏನು ಮಾಡಲಿ? ಬಿದ್ದ ಆ ಹೆಂಗಸಿನ ಮನೆಗೆ ಮಗಳನ್ನು ಯಾವ ಮುಖ ಹೊತ್ತು ಕಳಿಸಲಿ?

ಬಾವಿಯ ಹತ್ತಿರ ಮಗಳು ಕೂತಿದ್ದಳು. ಆಕೆ ಕೂಗಲಿಲ್ಲ, ಕೈ ಮುಗಿಯಲಿಲ್ಲ, ಸನ್ನೆಯನ್ನೂ ಮಾಡಲಿಲ್ಲ. ಸುಮ್ಮನೆ ಅಪ್ಪನನ್ನು ನೋಡುತ್ತಿದ್ದಳು.

ಬಿಸಿಲಿನಲ್ಲಿ ಮೂರು ತಾಸು ನಿಲ್ಲುವುದು ಅಂದಾನೆಪ್ಪನವರಿಗೆ ಕಷ್ಟವಾಗಿರಲಿಲ್ಲ. ಆ ಕಟ್ಟೆಯ ಮೂರು ಮೆಟ್ಟಿಲು ಇಳಿಯುವುದು ಕಷ್ಟವಾಯಿತು. ಮೊದಲ ಮೆಟ್ಟಿಲಿಗೆ ಮೂಲಪುರುಷನ ಕುದುರೆ ಅಡ್ಡ ನಿಂತಿತು. ಎರಡನೆಯದಕ್ಕೆ ಬೇವಿನ ಮರದ ಕೆಳಗಿನ ನೆಂಟರ ಕಣ್ಣು ಅಡ್ಡ ಬಂದವು. ಮೂರನೆಯದಕ್ಕೆ ತನ್ನ ನೆಟ್ಟಗಿನ ಬೆನ್ನೇ ಅಡ್ಡ ಬಂತು. ಹಲ್ಲು ಕಚ್ಚಿ ಇಳಿದರು. ಸಾಲಿನ ಮುಂದೆ ನಡೆಯುವವರಂತೆ ಕೈ ಬೀಸಿಕೊಂಡು ನೂರು ಹೆಜ್ಜೆ ನಡೆದರು. ಬಾವಿಯ ಮೇಲೆ ಬಾಗಿದರು. ಎರಡೂ ಕೈಯಿಂದ ಹಗ್ಗ ಹಿಡಿದು ಕೊಡ ಇಳಿಬಿಟ್ಟು ಸೇದಿದರು. ನೀರು ಮೇಲೆ ಬಂದಾಗ ಅವರ ಮುಖದ ಮೇಲೆ ನಾಲ್ಕು ಹನಿ ಸಿಡಿಯಿತು. ನಾಲಿಗೆ ತುಟಿಯ ಅಂಚಿಗೆ ಬಂತು. ಆದರೆ ಊರಿನ ಕಟ್ಟು ನೆನಪಾಗಿ, ತೋಳಿನಿಂದ ಮುಖ ಒರೆಸಿಕೊಂಡು, ಕೊಡ ಹೆಗಲಿಗೆ ಏರಿಸಿ ಮುಂದೆ ನಡೆದರು.

ಪಡುವಣ ಕಟ್ಟೆಯ ಕೆಳಗೆ ನಿಂತು, "ಕುಡೀರಿ" ಎಂದರು.

ನೀಲಗಂಗವ್ವ ಕೆಳಗೆ ನೋಡಿದರು. ಕಣ್ಣು ಮಂಜಾಗಿತ್ತು. "ನಾ... ಕೇಳಿಲ್ಲ."

"ನೀವು ಕೇಳಿಲ್ರಿ. ನಾ ಇಳದೀನಿ. ಸೋತವ ನಾನು. ಇನ್ನ ಕುಡೀರಿ."

"ಕನಿಕರ ತೋರಸ್ತೀರೇನು?"

"ಕನಿಕರ ಅಲ್ರಿ! ಕೊಡ ಭಾರ ಐತಿ, ನನ್ನ ಕೈ ನಡುಗಾಕತ್ತಾವ. ಲಗೂ ಕುಡೀರಿ ತಾಯಿ!"

ನೀಲಗಂಗವ್ವ ಬೊಗಸೆ ಒಡ್ಡಿದರು. ಒಂದು ಬೊಗಸೆ, ಎರಡು, ಮೂರು. ನಾಲ್ಕನೆಯದನ್ನು ತಲೆಯ ಮೇಲೆ ಸುರಿದುಕೊಂಡರು. ಉಸಿರು ಬಂತು. ಕಣ್ಣಿನ ಮಂಜು ಹರಿಯಿತು. ಆಗ ಎದುರಿಗಿದ್ದವರ ಮುಖ ಅವರಿಗೆ ಸರಿಯಾಗಿ ಕಾಣಿಸಿತು. ಅಂದಾನೆಪ್ಪನವರ ತುಟಿ ಸೀಳಿ ರಕ್ತ ಒಸರುತ್ತಿತ್ತು. ಕೊಡದ ತಳದಲ್ಲಿ ಇನ್ನೂ ನೀರಿತ್ತು. ಅವರು ಅದನ್ನು ಮುಟ್ಟುತ್ತಿರಲಿಲ್ಲ.

"ನೀವು ಕುಡೀಲಿಲ್ಲೇನು?"

"ನಾ ಸೇದಿದ್ದು ನಾ ಕುಡಿಯಂಗಿಲ್ಲಂತ. ಕಟ್ಟು ಐತಲ್ರಿ."

ಈಗ ನೀಲಗಂಗವ್ವ ಕಟ್ಟೆಯ ಮೇಲೆ ಒಬ್ಬರೇ ನಿಂತಿದ್ದರು. ಗೆದ್ದಿದ್ದರು. ಎದುರಾಳಿ ಕಲ್ಲು ಬಿಟ್ಟು ಬಂದಿದ್ದ, ಸೋತೆನೆಂದು ಬಾಯಿಬಿಟ್ಟು ಹೇಳಿಯೂ ಆಗಿತ್ತು. ಆಕೆ ಹಾಗೇ ನಿಂತಿದ್ದರೆ ಸಾಕಾಗಿತ್ತು, ನಾಲ್ಕುನೂರು ವರ್ಷದ ಜಗಳ ಪಡುವಲದ ಕಡೆಗೆ ತೀರ್ಮಾನವಾಗುತ್ತಿತ್ತು. ಬೇವಿನ ಮರದ ಕೆಳಗಿನ ಗಂಡಿನ ಕಡೆಯವರು ಆಗಲೇ ಎದ್ದು ನಿಂತು ಕೈ ತಟ್ಟತೊಡಗಿದ್ದರು.

ನೀಲಗಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಮೂರು ಮೆಟ್ಟಿಲು ಇಳಿದರು. ಕೊಡ ಕಸಿದುಕೊಂಡು ಉಳಿದಿದ್ದ ನೀರನ್ನು ನೆಲಕ್ಕೆ ಚೆಲ್ಲಿ, ಬರಿಗಾಲಿನಲ್ಲೇ ಬಾವಿಗೆ ನಡೆದರು. ಕಾಲು ತೊಡರುತ್ತಿತ್ತು. ಗುರುಸಿದ್ಧ ಹಿಡಿಯಲು ಬಂದ. "ದೂರ ನಿಲ್ಲು, ನನ್ನ ಕೆಲಸ ಇದು" ಎಂದರು. ಬಾಗಿ ನೀರು ಸೇದಿದರು.

"ಮಾಸ್ತರ, ಬರ್ರಿ ಇಲ್ಲೆ. ಬೊಗಸಿ ಹಿಡೀರಿ."

"ಕಲ್ಲು ಬಿಟ್ಟು ಇಳದ್ರಿ ನೀವು" ಎಂದರು ಅಂದಾನೆಪ್ಪನವರು.

"ಇಳದೆ. ಕಾಣ್ತೈತಲ್ಲ? ಹಿಡೀರಿ ಬೊಗಸಿ, ಮಾತು ಆಮ್ಯಾಲೆ."

ಅಂದಾನೆಪ್ಪನವರು ತಲೆ ಬಾಗಿಸಿ ಕುಡಿದರು. ಆ ಬೆನ್ನು ಅಷ್ಟು ಬಾಗಿದ್ದನ್ನು ಮಗಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಶ್ವಾಸ ತಿರುಗಿದ ಮೇಲೆ ಅವರೊಳಗಿನ ಡ್ರಿಲ್ ಮಾಸ್ತರ ಮತ್ತೆ ಎದ್ದ. "ಅಜ್ಜಿ, ನ್ಯಾಯ ಹೇಳ್ರಿ. ಸೋತವರು ಯಾರು?"

"ಇಬ್ಬರೂ ಸೋತ್ರಿ."

"ಹಂಗಾದ್ರ ಗೆದ್ದವರು?"

"ನಾಕನೇ ದಿನ ಪಾಳೆಯಗಾರರು ಇಬ್ಬರೂ ಅಳಿದುಳಿದ ಮಂದಿನ್ನ ಕಟ್ಟಿಕೊಂಡು ಹೋದ್ರು" ಎಂದಳು ಫಕೀರವ್ವ. "ಹೋಗಿ ತಮ್ಮ ತಮ್ಮ ಕಲ್ಲು ಕೆತ್ತಿಸಿದ್ರು. ಎದ್ದು ಹೋಗಾಕ ತ್ರಾಣ ಇಲ್ಲದ ಇಬ್ಬರು ಇಲ್ಲೇ ಬಿದ್ದಿದ್ರು. ಒಬ್ಬ ಮೂಡಲದವ, ಒಬ್ಬ ಪಡುವಲದವ. ಯಾರೋ ಒಬ್ಬ ಮೊದಲು ಕತ್ತಿ ಒಗದ. ಬಾಗಿ ನೀರು ಸೇದಿ ಆಚಿಯವನ ಬಾಯಿಗೆ ಬಿಟ್ಟ. ಕುಡದವ ಎದ್ದು ಇವಗ ಸೇದಿ ಕೊಟ್ಟ. ನಡುಬಾವ್ಯಾಗ ಇರೂ ಅಷ್ಟೂ ಮನಿ ಆ ಇಬ್ಬರವ. ಈ ಬಯಲಾಗ ಗೆದ್ದೀವಿ ಅಂದವರು ಯಾರೂ ಉಳೀಲಿಲ್ರಿ. ಸೋತವರು ಊರು ಕಟ್ಟ್ಯಾರ."

ಶಾಂಭವಿ ಎರಡೂ ಕಟ್ಟೆಗಳ ಕೆಳಗೆ ಬಿಟ್ಟಿದ್ದ ಚಪ್ಪಲಿಗಳನ್ನು ತಂದು, ಮೊದಲು ನೀಲಗಂಗವ್ವನ ಕಾಲ ಬಳಿ ಇಟ್ಟಳು, ಆಮೇಲೆ ಅಪ್ಪನ ಕಾಲ ಬಳಿ ಇಟ್ಟಳು. ನೀಲಗಂಗವ್ವ ಆಕೆಯ ಗಲ್ಲ ಹಿಡಿದು ನೋಡಿದರು. "ಅತ್ತು ಕೂತೀಯೇನು? ಅಷ್ಟು ಅಂಜಿಕಿ ಇತ್ತಂದ್ರ ಒಂದು ಮಾತು ಕೂಗಬಾರದಿತ್ತೇನವ್ವ?"

"ಕೂಗಿದ್ರ ನೀವಾಗಿ ಇಳದಂಗ ಆಗ್ತಿರಲಿಲ್ರಿ ಅತ್ತಿ. ನಾ ಇಳಿಸಿದಂಗ ಆಗ್ತಿತ್ತು."

ನೀಲಗಂಗವ್ವ ಅಂದಾನೆಪ್ಪನವರ ಕಡೆ ತಿರುಗಿದರು. "ಮಾಸ್ತರ, ಈ ಹುಡುಗಿ ನಿಮಗಿಂತ ಗಟ್ಟಿ ಐತಿ. ನನ್ನ ಮನಿಗೆ ಇದ ಬೇಕು."

"ಮೂಡಲದ ಹುಡುಗಿ ಐತಲ್ರಿ" ಎಂದರು ಅಂದಾನೆಪ್ಪನವರು.

ಟೆಂಪೊ ಹೊರಟಿತು. ಡ್ರೈವರ್‌ನ ಹಿಂದಿನ ಸೀಟಿನಲ್ಲಿ ಬೀಗರಿಬ್ಬರೂ ಕೂತಿದ್ದರು. ಎರಡು ಮೈಲಿ ದಾಟಿದ ಮೇಲೆ ಅಂದಾನೆಪ್ಪನವರು, "ಅಂದಹಂಗ, ಮೊದಲು ಸೋತವ ನಾನು. ಅದು ನೆನಪಿರಲಿ" ಎಂದರು. ನೀಲಗಂಗವ್ವ, "ಕಟ್ಟಿ ಮ್ಯಾಲೆ ನಿಮಗಿಂತ ಅರ್ಧ ತಾಸು ಮುಂಚೆ ನಾ ಮನಸಿನಾಗ ಸೋತಿದ್ದೆ. ನಿಮಗ ಕಾಣಲಿಲ್ಲ ಅಷ್ಟ" ಎಂದರು. ಊರು ಬರುವ ತನಕ ಇದೇ ವಾದ. ಹೆಣ್ಣಿನ ಕಡೆಯವರು ಒಂದು ಪಕ್ಷ, ಗಂಡಿನ ಕಡೆಯವರು ಒಂದು ಪಕ್ಷ. ಶಾಂಭವಿಯೂ ಗುರುಸಿದ್ಧನೂ ನಡುವೆ ಬಾಯಿ ಹಾಕಲಿಲ್ಲ. ಇಪ್ಪತ್ತನೆಯ ದಿನಕ್ಕೆ ಲಗ್ನವಾಯಿತು.

ನೀತಿ: ಛಲ ಹಿಡಿದು ಕಟ್ಟೆಯ ಮೇಲೆ ನಿಲ್ಲುವುದು ಕಲ್ಲಿಗೂ ಬರುತ್ತದೆ. ಎದುರಿಗಿರುವವರ ಬಾಯಿ ಒಣಗಿದ್ದು ಕಂಡಾಗ, ಯಾರೂ ಕೇಳುವ ಮೊದಲೇ, ಯಾರೂ ಹೇಳುವ ಮೊದಲೇ, ತಾನಾಗಿ ಇಳಿದು ಬಾಗಿ ನೀರು ಸೇದುವುದಕ್ಕೆ ಅದಕ್ಕಿಂತ ದೊಡ್ಡ ಛಲ ಬೇಕು. ನಂಟು ಉಳಿಯಬೇಕಾದರೆ ಯಾರಾದರೂ ಒಬ್ಬರು ಮೊದಲು ಸೋಲಲೇಬೇಕು. ಆ ಒಬ್ಬರು ನೀವಾಗಿರಿ.